ಸಿಪಾನಿ ಡಾಲ್ಫಿನ್: ಆರು ವರ್ಷ ಓಡಿಸಿದ ಮೇಲೆ

"ಪೇಂಟ್ ನೋಡಬೇಡಿ ಸಾರ್, ಕೆಳಗೆ ಮಲಗಿ ನೋಡಿ." 2019ರಲ್ಲಿ ಹಳೇ ಡಾಲ್ಫಿನ್ ಕಾರು ಹುಡುಕಲು ಹೊರಟಾಗ ವಿಲ್ಸನ್ ಗಾರ್ಡನ್‌ನ ಹಳೇ ಮೆಕ್ಯಾನಿಕ್ ಒಬ್ಬರು ನನಗೆ ಹೇಳಿದ ಮಾತಿದು. ಈ ಕಾರಿನ ಬಾಡಿ ಫೈಬರ್‌ಗ್ಲಾಸ್. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಅದನ್ನು ಹೊರುವ ಕೆಳಗಿನ ಚೌಕಟ್ಟು, ಅಂದರೆ ಛಾಸಿ, ಉಕ್ಕಿನದು, ಅದಕ್ಕೆ ಚೆನ್ನಾಗಿಯೇ ಹಿಡಿಯುತ್ತದೆ. ಮೇಲೆ ಹೊಳೆಯುವ ಗಾಡಿ ಕೆಳಗೆ ಹಪ್ಪಳ ಆಗಿರಬಹುದು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಡಾಲ್ಫಿನ್ ನಮ್ಮ ಬೆಂಗಳೂರಿನದೇ ಕಾರು. ಮೂರು ಚಕ್ರದ ಬಾದಲ್ ಕಾರು ಮಾಡುತ್ತಿದ್ದ ಸಿಪಾನಿ ಕಂಪನಿಯೇ 1982ರಲ್ಲಿ ಇದನ್ನು ತಂದಿತು. ಮೂಲ ಬ್ರಿಟನ್ನಿನ ರಿಲಯಂಟ್ ಕಂಪನಿಯ ಕಿಟನ್ ಕಾರು. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ತುಂಬಾ ಹಗುರವಾದ ಮೈ. ರ‍್ಯಾಲಿ ಓಡಿಸುವವರು ಇಷ್ಟಪಟ್ಟಿದ್ದು ಇದಕ್ಕೇ. ಆದರೆ ಬಾಗಿಲು ಎರಡೇ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಮನೆಮಂದಿಯೆಲ್ಲ ಆ ಕಡೆ ಹೋದರು.

ನಾನು ನೋಡಿದ ಮೊದಲ ಗಾಡಿ ಊರಾಚೆ ಒಂದು ಶೆಡ್ಡಿನಲ್ಲಿತ್ತು. ಕೆಂಪು ಬಣ್ಣ, ಹೊಸ ಸೀಟು, ಕೇಳಿದ್ದು ಎರಡೂವರೆ ಲಕ್ಷ. ಮನಸ್ಸು ಅಲ್ಲೇ ಜಾರಿತ್ತು. ಆದರೂ ಟಾರ್ಚ್ ಹಿಡಿದು ಕೆಳಗೆ ಮಲಗಿದೆ. ಹಿಂದಿನ ಸ್ಪ್ರಿಂಗ್ ಪಟ್ಟಿ ಛಾಸಿಗೆ ಸೇರುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಒತ್ತಿದೆ. ಅದು ಒಳಗೇ ಹೋಯಿತು! ಅಷ್ಟು ಸಾಲದೆ, ಆರ್‌ಸಿಯಲ್ಲಿದ್ದ ಛಾಸಿ ನಂಬರೇ ಬೇರೆ, ಗಾಡಿಯ ಮೇಲಿದ್ದದ್ದೇ ಬೇರೆ. ಅಂಥ ಗಾಡಿಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಛಾಸಿಗಾದರೆ ಪೀಣ್ಯದಲ್ಲಿ ವೆಲ್ಡಿಂಗ್ ಮಾಡಿಸಬಹುದು. ನಂಬರ್ ಹೊಂದದ ಗಾಡಿ ನಿಮ್ಮ ಹೆಸರಿಗೆ ಬರುವುದೇ ಇಲ್ಲ.

ಕೊನೆಗೆ ಸಿಕ್ಕಿದ್ದು ಬಸವನಗುಡಿಯಲ್ಲಿ. ಬಣ್ಣ ಮಾಸಿತ್ತು. ಬಾಗಿಲಿನ ಹಿಂಜ್ ಹತ್ತಿರ ಫೈಬರ್‌ನಲ್ಲಿ ಜೇಡರ ಬಲೆ ತರಹ ಸಣ್ಣ ಬಿರುಕುಗಳಿದ್ದವು. ಛಾಸಿ ಮಾತ್ರ ಗಟ್ಟಿ. ಯಜಮಾನರು ರಿಟೈರ್ ಆದವರು. ಒಂದು ಫೈಲ್ ತುಂಬ ಬಿಲ್ ಇಟ್ಟಿದ್ದರು. 1,40,000ಕ್ಕೆ ಮಾತಾಯಿತು. ಕೀ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: "ಬರೀ ನೀರು ಹಾಕಬೇಡಿ. ಅಲ್ಯೂಮಿನಿಯಂ ಎಂಜಿನ್ ಅದು, ಕೂಲಂಟ್ ಹಾಕಿ."

ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಸಿಎ ಅಂತ ಶುರುವಾಗುವ ನಮ್ಮ ರಾಜ್ಯದ್ದೇ ಹಳೇ ನಂಬರ್ ಆದ್ದರಿಂದ ಬೇರೆ ರಾಜ್ಯದ ಎನ್‌ಒಸಿ ಗೋಳು ನನಗಿರಲಿಲ್ಲ. ಒಂದು ವಿಷಯದಲ್ಲಿ ತುಂಬಾ ಜನ ಮೋಸಹೋಗುತ್ತಾರೆ. "ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿದರಾಯಿತು" ಎಂದು ಬ್ರೋಕರ್ ಹೇಳಿದರೆ ನಂಬಬೇಡಿ. 2021ರ ನಿಯಮದ ಪ್ರಕಾರ ಅದಕ್ಕೆ ಗಾಡಿಗೆ 50 ವರ್ಷ ಆಗಿರಬೇಕು. ಎಂಬತ್ತರ ದಶಕದ ಡಾಲ್ಫಿನ್‌ಗೆ ಇನ್ನೂ ಆಗಿಲ್ಲ. ಹಾಗಾಗಿ ಐದೈದು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಮಾಡಿಸಿ ಆರ್‌ಸಿ ನವೀಕರಿಸಲೇಬೇಕು. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಹೋಯಿತು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಕೊಳ್ಳುವ ಮೊದಲು ಆರ್‌ಸಿ ಎಲ್ಲಿಯವರೆಗೆ ಇದೆ ನೋಡಿ, ಬೆಲೆಯಲ್ಲಿ ಅದನ್ನು ಕಳೆಯಿರಿ.

ಮೊದಲ ಮಳೆಗಾಲದಲ್ಲಿ ಲೈಟುಗಳು ಕಾಡಿದವು. ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿನುಗುತ್ತಿತ್ತು. ಸ್ವಿಚ್ ಬದಲಾಯಿಸಿದೆ, ಬಲ್ಬ್ ಬದಲಾಯಿಸಿದೆ, ಏನೂ ಆಗಲಿಲ್ಲ. ತಗಡಿನ ಕಾರಿನಲ್ಲಿ ಬಾಡಿಯೇ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ಪ್ರತಿ ಲೈಟಿಗೂ ಬೇರೆ ಅರ್ತ್ ವೈರ್ ಬೇಕು. ಇದನ್ನು ಕಂಡುಹಿಡಿದದ್ದು ಅದೇ ವಿಲ್ಸನ್ ಗಾರ್ಡನ್ ಮೆಕ್ಯಾನಿಕ್. ಹಸಿರು ಕಟ್ಟಿದ್ದ ತುದಿಗಳನ್ನು ಉಜ್ಜಿ, ಎಲ್ಲವನ್ನೂ ಛಾಸಿಗೆ ಹೊಸದಾಗಿ ಎಳೆದರು. ಆಮೇಲೆ ಒಂದು ದಿನವೂ ತೊಂದರೆ ಇಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಮೂರನೇ ವರ್ಷ. ನಾನು ಊರಲ್ಲಿಲ್ಲದಾಗ ಬೇರೆ ಗ್ಯಾರೇಜಿನವರು ರೇಡಿಯೇಟರ್‌ಗೆ ಬೋರ್‌ವೆಲ್ ನೀರು ತುಂಬಿದ್ದರು. ನಮ್ಮೂರ ಬೋರ್ ನೀರು ಗೊತ್ತಲ್ವಾ, ಕೊಡದಲ್ಲಿ ಇಟ್ಟರೂ ಬಿಳಿ ಪದರ ಕಟ್ಟುತ್ತದೆ. ಕೆಲವು ತಿಂಗಳಾದ ಮೇಲೆ ನಂದಿ ಬೆಟ್ಟದ ತಿರುವಿನಲ್ಲಿ ಸೂಜಿ ಕೆಂಪಿಗೆ ಏರಿತು. ಎಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಇರುವ ಸೀಲ್, ಹೆಡ್ ಗ್ಯಾಸ್ಕೆಟ್, ಹೋಗಿತ್ತು. ಯಜಮಾನರ ಮಾತು ನೆನಪಾಗಿ ಹೊಟ್ಟೆ ಉರಿಯಿತು. ಒಂದು ಸಮಾಧಾನ: ಇದೇ 848 ಎಂಜಿನ್ನನ್ನು ರಿಲಯಂಟ್ ಬೇರೆ ಕಾರುಗಳಿಗೂ ಹಾಕಿದ್ದರಿಂದ ಬ್ರಿಟನ್ನಿನಲ್ಲಿ ಗ್ಯಾಸ್ಕೆಟ್ ಈಗಲೂ ಸಿಗುತ್ತದೆ. ಎರಡು ತರಿಸಿದೆ, ಒಂದು ಬೀರುವಿನಲ್ಲಿದೆ. ಚಿಕ್ಕಪುಟ್ಟ ಬುಷ್, ಬೇರಿಂಗುಗಳನ್ನು ಜೆ.ಸಿ. ರಸ್ತೆಯಲ್ಲಿ ಅಳತೆ ಕೊಟ್ಟು ಹೊಂದಿಸಿಕೊಂಡೆ. ಪೆಟ್ರೋಲಿನಲ್ಲಿ 20% ಎಥನಾಲ್ ಬಂದ ಮೇಲೆ ಹಳೇ ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿದೆ. ಅದನ್ನು ಮುಂದೂಡಬೇಡಿ, ಪೈಪ್ ಸೋರಿದರೆ ಬೆಂಕಿಯ ಭಯ.

ಓಡಿಸುವ ಖುಷಿ? ಬೆಳಿಗ್ಗೆ ಆರಕ್ಕೆ ಖಾಲಿ ಇರುವ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ತಿರುಗಿಸಿ ನೋಡಿ. ಗಂಟೆಗೆ ಐವತ್ತರಲ್ಲೇ ನಿಮಗೆ ವೇಗ ಅನ್ನಿಸುತ್ತದೆ. ಹಿಂದಿನ ಚಕ್ರ ನೂಕುವುದು ಸೀಟಿನಲ್ಲೇ ಗೊತ್ತಾಗುತ್ತದೆ. ಎಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಬ್ರೇಕ್ ತುಂಬಾ ಮುಂಚೆಯೇ ಒತ್ತಬೇಕು. ಮಳೆಯಲ್ಲಿ ಹುಷಾರು, ಹಿಂಬದಿ ಬೇಗ ಜಾರುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ಗೆ ಇದನ್ನು ತೆಗೆದುಕೊಂಡು ಹೋಗಲೇಬೇಡಿ. ದಿನಾ ಆಫೀಸಿಗೆ ಬೇಕು ಅನ್ನುವವರಿಗೆ ಇದು ಬೇಡ. ಇನ್ನೊಂದು ಕಾರಿದ್ದು, ನಂಬುವ ಒಬ್ಬ ಮೆಕ್ಯಾನಿಕ್ ಇದ್ದರೆ ಕಣ್ಣುಮುಚ್ಚಿ ಹೇಳುತ್ತೇನೆ, ತೆಗೆದುಕೊಳ್ಳಿ.

ಈಗ ನನಗಿರುವ ಚಿಂತೆ ಮುಂದಿನ ಗಾಜು. ಒಡೆದರೆ ಹಾಕಲು ಇನ್ನೊಂದಿಲ್ಲ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಎರಡು ವರ್ಷದಿಂದ ಹುಡುಕುತ್ತಿದ್ದೇನೆ. ನಿಮ್ಮ ಪರಿಚಯದವರು ಯಾರಾದರೂ ಹಳೇ ಡಾಲ್ಫಿನ್ ಗುಜರಿಗೆ ಹಾಕುತ್ತಿದ್ದರೆ, ದಯವಿಟ್ಟು ಮೊದಲು ಗಾಜು ಬಿಚ್ಚಿಡಲು ಹೇಳಿ.