ಸೋತ ಆಟವನ್ನು ಮತ್ತೆ ಆಡಿಸುವ ಬಟನ್: ಲಿಚೆಸ್‌ನ ತಪ್ಪು-ಕಲಿಕೆ ಹೇಗಿದೆ?

ಆನ್‌ಲೈನ್ ಚೆಸ್ ತಾಣ ಲಿಚೆಸ್‌ನಲ್ಲಿ ಸೋತ ತಕ್ಷಣ ಬೆರಳು ಹೋಗುವುದೇ ‘ರೀಮ್ಯಾಚ್’ ಮೇಲೆ. ಅಲ್ಲೇ ಹತ್ತಿರದಲ್ಲಿ ‘ಅನಾಲಿಸಿಸ್ ಬೋರ್ಡ್’ ಅಂತ ಇನ್ನೊಂದು ಬಟನ್ ಇರುತ್ತದೆ, ಅದನ್ನು ಒತ್ತುವವರು ಕಡಿಮೆ. ಅದರೊಳಗೆ ಹೋಗಿ ಕಂಪ್ಯೂಟರ್ ವಿಶ್ಲೇಷಣೆ ಕೇಳಿಕೊಂಡರೆ ‘ಲರ್ನ್ ಫ್ರಮ್ ಯುವರ್ ಮಿಸ್ಟೇಕ್ಸ್’ ಎಂಬ ಸೌಲಭ್ಯ ಸಿಗುತ್ತದೆ. ಲಿಚೆಸ್‌ನ ಮಿಕ್ಕೆಲ್ಲದರಂತೆ ಇದಕ್ಕೂ ದುಡ್ಡಿಲ್ಲ, ಜಾಹೀರಾತಿಲ್ಲ. 2010ರಲ್ಲಿ ಫ್ರಾನ್ಸಿನ ಟಿಬೋ ಡುಪ್ಲೆಸಿ ಶುರು ಮಾಡಿದ ಈ ತಾಣ ನಡೆಯುವುದು ದೇಣಿಗೆಯ ಮೇಲೆ.

ಕೆಲಸ ಮಾಡುವ ಬಗೆ ಸರಳ. ಸ್ಟಾಕ್‌ಫಿಶ್ ಎಂಬ ಎಂಜಿನ್ (ಚೆಸ್ ಲೆಕ್ಕ ಹಾಕುವ ಪ್ರೋಗ್ರಾಮ್) ಇಡೀ ಆಟ ನೋಡಿ, ಗೆಲ್ಲುವ ಸಾಧ್ಯತೆ ಎಲ್ಲಿ ದಿಢೀರ್ ಕುಸಿಯಿತೋ ಆ ನಡೆಗಳನ್ನು ಗುರುತು ಹಾಕುತ್ತದೆ. ಆಮೇಲೆ ಹಲಗೆಯನ್ನು ಆ ತಪ್ಪಿನ ಹಿಂದಿನ ಸ್ಥಿತಿಗೆ ತಂದು ನಿಲ್ಲಿಸಿ, ‘ಇದಕ್ಕಿಂತ ಒಳ್ಳೆಯ ನಡೆ ಹುಡುಕಿ’ ಅನ್ನುತ್ತದೆ. ಉತ್ತರ ಹೇಳಿಬಿಡುವುದಿಲ್ಲ, ಇದೇ ಇದರ ದೊಡ್ಡ ಗುಣ. ಎಂಜಿನ್ ಆರಿಸಿದ ನಡೆಯನ್ನೇ ನೀವೂ ಆಡಬೇಕೆಂದಿಲ್ಲ, ಹೆಚ್ಚುಕಡಿಮೆ ಅಷ್ಟೇ ಒಳ್ಳೆಯದಿದ್ದರೆ ಒಪ್ಪಿಕೊಳ್ಳುತ್ತದೆ.

ಒಂದು ಸ್ಥಿತಿ ನೋಡಿ (ಮನೆಯ ಹೆಸರಿನಲ್ಲಿ ಅಕ್ಷರ ಕಂಬಸಾಲು, ಅಂಕಿ ಅಡ್ಡಸಾಲು). ಕಪ್ಪು ರಾಜ ಜಿ8ರಲ್ಲಿ, ಅವನ ಮುಂದೆ ಎಫ್7, ಜಿ7, ಎಚ್7ರಲ್ಲಿ ಮೂರು ಕಾಲಾಳು, ಕಪ್ಪು ಆನೆ ಬಿ8ರಲ್ಲಿ. ಬಿಳಿಯ ಆನೆ ಇ1ರಲ್ಲಿ, ಅದರ ಒಂದು ಕಾಲಾಳು ಬಿ2ರಲ್ಲಿ ಕಾವಲಿಲ್ಲದೆ ನಿಂತಿದೆ. ಪುಕ್ಕಟೆ ಸಿಕ್ಕಿತೆಂದು ಕಪ್ಪು ಆನೆ ಬಿ2 ಹೊಡೆದರೆ ಬಿಳಿ ಆನೆ ಇ8ಕ್ಕೆ ಬಂದು ಕೂರುತ್ತದೆ, ಆಟ ಖಲಾಸ್. ತನ್ನ ಕಾಲಾಳುಗಳೇ ಗೋಡೆಯಾಗಿ ರಾಜನಿಗೆ ಓಡಲು ಮನೆ ಇಲ್ಲ. ಇಲ್ಲಿ ಎಚ್7ರ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿ ರಾಜನಿಗೊಂದು ಕಿಂಡಿ ಬಿಟ್ಟರೂ ಸರಿ, ರಾಜನನ್ನು ಎಫ್8ಕ್ಕೆ ಸರಿಸಿದರೂ ಸರಿ, ಎರಡೂ ಪಾಸ್ ಆಗುತ್ತವೆ. ಬಿ2 ಕಾಲಾಳು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಎಂಬ ಬುದ್ಧಿ ಬರುವುದು ಇಲ್ಲೇ.

ಆದರೆ ಬರಬೇಕಲ್ಲ! ಬಹಳ ಜನ ಎಡವುವುದು ಈ ಹಂತದಲ್ಲಿ. ಒಂದು ನಡೆ ಆಡಿ ನೋಡುತ್ತಾರೆ, ತಪ್ಪು ಅಂತ ಬಂದರೆ ‘ವ್ಯೂ ದ ಸೊಲ್ಯೂಷನ್’ ಒತ್ತಿ, ‘ಓ, ಇದಾ’ ಅಂದು ಮುಂದೆ ಹೋಗುತ್ತಾರೆ. ಹತ್ತು ತಪ್ಪು ಎರಡೇ ನಿಮಿಷದಲ್ಲಿ ಮುಗಿದವು, ತಲೆಗೆ ಮಾತ್ರ ಒಂದೂ ಹತ್ತಲಿಲ್ಲ. ಎಂಜಿನ್ ಸರಿ ನಡೆ ತೋರಿಸುತ್ತದೆಯೇ ಹೊರತು ನೀವು ಯಾಕೆ ತಪ್ಪಿದಿರಿ ಎಂದು ಅದಕ್ಕೆ ಗೊತ್ತಿಲ್ಲ. ಆ ಭಾಗ ನಿಮ್ಮದೇ. ನೆಟ್ ಕೈಕೊಟ್ಟಿತು, ಮೌಸ್ ಜಾರಿತು ಅನ್ನುವುದೆಲ್ಲ ಕುಣಿಯಲಾರದವರ ಡೊಂಕು ನೆಲ.

ಹಾಗಾಗಿ ಕ್ರಮ ತಿರುವು ಮುರುವಾಗಬೇಕು. ವಿಶ್ಲೇಷಣೆ ಕೇಳುವ ಮೊದಲೇ ಎಂಜಿನ್ ಆಫ್ ಇಟ್ಟು ಆಟವನ್ನು ಒಮ್ಮೆ ಓಡಿಸಿ. ಎಲ್ಲಿ ಕೈ ತಪ್ಪಿತು ಅನ್ನಿಸುತ್ತದೋ ಅಂಥ ಮೂರು ಜಾಗದಲ್ಲಿ, ಆಗ ತಲೆಯಲ್ಲಿ ಏನಿತ್ತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಬರೆಯಿರಿ. ಪ್ರತಿ ನಡೆಗೆ ಎಷ್ಟು ಸೆಕೆಂಡ್ ಹಿಡಿಯಿತೆಂದು ಲಿಚೆಸ್ ತೋರಿಸುತ್ತದೆ, ಅದನ್ನೂ ಪಕ್ಕದಲ್ಲಿ ಹಾಕಿ. ಆಮೇಲೆ ಕಂಪ್ಯೂಟರ್‌ಗೆ ಕೊಡಿ. ಒಂದು ಆಟಕ್ಕೆ ಮೂರು ತಪ್ಪು ಸಾಕು, ಒಂದೊಂದಕ್ಕೆ ಐದು ನಿಮಿಷ ಬಿಡಿ. ಉತ್ತರ ಸಿಕ್ಕ ಮೇಲೆ ನಾಲ್ಕರಲ್ಲಿ ಒಂದು ಕಾರಣ ಬರೆಯಿರಿ: ಎದುರಾಳಿಯ ಬೆದರಿಕೆ ಕಾಣಲಿಲ್ಲ, ಕಂಡಿತು ಆದರೆ ಲೆಕ್ಕ ತಪ್ಪಿತು, ಗಡಿಯಾರ ಓಡಿಸಿತು, ಇಂಥ ಸ್ಥಿತಿ ಗೊತ್ತೇ ಇರಲಿಲ್ಲ. ಇಪ್ಪತ್ತು ಆಟ ಆದ ಮೇಲೆ ಎಣಿಸಿ.

ಬೆದರಿಕೆ ಕಾಣದಿರುವುದೇ ಹೆಚ್ಚಿದ್ದರೆ, ಅನಾಲಿಸಿಸ್ ಬೋರ್ಡಿನಲ್ಲಿ ಎಂಜಿನ್ ಆನ್ ಮಾಡಿ ಕೀಬೋರ್ಡಿನ ‘ಎಕ್ಸ್’ ಒತ್ತಿ. ಈಗ ನೀವು ಏನೂ ಆಡದಿದ್ದರೆ ಎದುರಾಳಿ ಏನು ಮಾಡುತ್ತಾನೆ ಎಂಬುದು ಬಾಣದಲ್ಲಿ ಕಾಣುತ್ತದೆ. ಎಲೆಮರೆಯ ಕಾಯಿಯಂಥ ಸೌಕರ್ಯ ಇದು. ನಂತರ ಪಜಲ್ ವಿಭಾಗದಲ್ಲಿ ಅದೇ ಬಗೆಯವನ್ನು ಆರಿಸಿಕೊಳ್ಳಿ: ಬ್ಯಾಕ್ ರ‍್ಯಾಂಕ್ ಮೇಟ್ (ಮೇಲೆ ನೋಡಿದಂಥದ್ದು), ಫೋರ್ಕ್ (ಒಂದೇ ಕಾಯಿ ಎರಡರ ಮೇಲೆ ದಾಳಿ ಮಾಡುವುದು), ಪಿನ್ (ಹಿಂದಿನ ದೊಡ್ಡ ಕಾಯಿಯಿಂದಾಗಿ ಮುಂದಿನದು ಕದಲಲಾಗದಿರುವುದು), ಕಾವಲಿಲ್ಲದ ಕಾಯಿ, ಎಲ್ಲಕ್ಕೂ ಬೇರೆ ಬೇರೆ ಪಟ್ಟಿ ಇದೆ. ಕಾರಣ ಗಡಿಯಾರವಾದರೆ ಪಜಲ್‌ನಿಂದ ಪ್ರಯೋಜನವಿಲ್ಲ, 3 ನಿಮಿಷದ ಆಟ ಬಿಟ್ಟು 15+10ಕ್ಕೆ (ತಲಾ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಹೆಚ್ಚುವರಿ) ಬನ್ನಿ.

ಕೊರತೆ ಎಲ್ಲಿ? ಇಂಚಿಂಚಾಗಿ ಸೋತ ಆಟದಲ್ಲಿ. ಮೂಲೆಯ ಕುದುರೆಯನ್ನು ಹೊರಗೆ ತರದೆ, ಒಂಟೆಯ ದಾರಿಗೆ ತಮ್ಮದೇ ಕಾಲಾಳನ್ನು ಅಡ್ಡ ನಿಲ್ಲಿಸಿ, ಹತ್ತು ನಡೆಗಳಲ್ಲಿ ಚೂರು ಚೂರೇ ಹಿಂದೆ ಬಿದ್ದಿರುತ್ತೀರಿ. ಯಾವ ಒಂದು ನಡೆಯಲ್ಲೂ ದೊಡ್ಡ ಕುಸಿತ ಇರುವುದಿಲ್ಲ. ಆಗ ಯಂತ್ರ ‘ತಪ್ಪೇ ಸಿಗಲಿಲ್ಲ’ ಎಂದೂ ಹೇಳೀತು, ನೀವು ಸೋತಿದ್ದು ಮಾತ್ರ ನಿಜ! ಅಂಥದ್ದರಲ್ಲಿ ಹಲಗೆಯ ಕೆಳಗೆ ಆಟದ ಏರಿಳಿತ ತೋರಿಸುವ ಗ್ರಾಫ್ ಇಳಿಯಲು ತೊಡಗಿದ ಜಾಗ ಹಿಡಿದು, ಬಲ್ಲವರೊಬ್ಬರಿಗೆ ತೋರಿಸುವುದೇ ದಾರಿ. ಪೂರ್ತಿ ಸೋತ ಮೇಲೆ ಮಾಡಿದ ತಪ್ಪುಗಳೂ ಹೀಗೇ, ಕುಸಿಯಲು ಏನೂ ಉಳಿದಿರದ ಕಾರಣ ಗುರುತಾಗುವುದಿಲ್ಲ.

ಎಂಜಿನ್ ಇಲ್ಲದ ಕಾಲದಲ್ಲೂ ಈ ಕಸುಬು ಇತ್ತೆಂಬುದಕ್ಕೆ ಸೋವಿಯತ್ ವಿಶ್ವ ಚಾಂಪಿಯನ್ ಮಿಖಾಯಿಲ್ ಬೋಟ್ವಿನ್ನಿಕ್ ಸಾಕ್ಷಿ. ತಮ್ಮ ಆಟಗಳನ್ನು ತಾವೇ ಕೂತು ಕೆದಕಿ ಟಿಪ್ಪಣಿ ಬರೆಯುತ್ತಿದ್ದ ಮನುಷ್ಯ. 1957ರಲ್ಲಿ ಸ್ಮಿಸ್ಲೋವ್‌ಗೆ, 1960ರಲ್ಲಿ ತಾಲ್‌ಗೆ ವಿಶ್ವಪಟ್ಟ ಬಿಟ್ಟುಕೊಟ್ಟು, ಎರಡು ಸಲವೂ ಮರುವರ್ಷವೇ ವಾಪಸ್ ಪಡೆದರು.

ತಪ್ಪಿನ ಸ್ಥಿತಿಗಳನ್ನು ಕೂಡಿಡಲು ಲಿಚೆಸ್‌ನ ‘ಸ್ಟಡಿ’ ಬಳಸಿ. ಒಂದು ಸ್ಟಡಿಗೆ 64 ಅಧ್ಯಾಯ ಹಿಡಿಯುತ್ತವೆ. ಒಂದು ತಪ್ಪಿಗೆ ಒಂದು ಅಧ್ಯಾಯ ಮಾಡಿ, ‘ಮುಂದಿನ ನಡೆ ಮರೆಮಾಡು’ ಆಯ್ಕೆ ಹಾಕಿಟ್ಟರೆ ತಿಂಗಳು ಬಿಟ್ಟು ನಿಮ್ಮದೇ ಪರೀಕ್ಷೆ ತೆಗೆದುಕೊಳ್ಳಬಹುದು.

ಟೂರ್ನಮೆಂಟಿನಲ್ಲಿ ಕೈಯಲ್ಲಿ ಬರೆದ ಸ್ಕೋರ್‌ಶೀಟನ್ನೂ ಇದಕ್ಕೆ ಹಾಕಬಹುದು. ನಡೆಗಳನ್ನು ಟೈಪ್ ಮಾಡಿ ‘ಇಂಪೋರ್ಟ್ ಗೇಮ್’ ಕೊಟ್ಟರಾಯಿತು. ಎರಡು ಕುದುರೆಯೂ ಒಂದೇ ಮನೆಗೆ ಹೋಗಬಲ್ಲ ಕಡೆ ಯಾವ ಕುದುರೆ ಎಂದು ಬರೆಯದಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನೀವು ಕಪ್ಪು ಆಡಿದ್ದರೆ ‘ಲರ್ನ್ ಫ್ರಮ್ ಯುವರ್ ಮಿಸ್ಟೇಕ್ಸ್’ ಬಟನ್ ಒತ್ತುವ ಮೊದಲು ಹಲಗೆ ತಿರುಗಿಸಿ ಕಪ್ಪನ್ನು ಕೆಳಗೆ ತನ್ನಿ. ಅದು ನೋಡುವುದು ಕೆಳಗಿರುವ ಬಣ್ಣದ ತಪ್ಪುಗಳನ್ನು. ಮರೆತರೆ ಅರ್ಧ ಗಂಟೆ ಎದುರಾಳಿಯ ತಪ್ಪುಗಳನ್ನೇ ತಿದ್ದುತ್ತಾ ಕೂತಿರುತ್ತೀರಿ.