ಹಾಟ್ ಟಬ್‌ಗೆ ಕ್ಲೋರಿನ್ನೋ ಬ್ರೋಮಿನ್ನೋ? ಎರಡನ್ನೂ ಬಳಸಿ ನೋಡಿದ ಮೇಲೆ

ಸಿಯಾಟಲ್ ಹತ್ತಿರದ ನಮ್ಮ ಮನೆಯ ಹಿತ್ತಲಲ್ಲಿ ಬಿಸಿನೀರಲ್ಲಿ ಕೂರುವ ಹಾಟ್ ಟಬ್ ಇದೆ. ನೀರಿನ ಕ್ರಿಮಿ ಕೊಲ್ಲಲು ಅದಕ್ಕೆ ಕ್ಲೋರಿನ್ ಇಲ್ಲವೇ ಬ್ರೋಮಿನ್ ಹಾಕಬೇಕು. ಒಮ್ಮೆ ನೀರು ತುಂಬಿಸಿದಾಗ ಕ್ಲೋರಿನ್ ಕೊಡುವ ಡೈಕ್ಲೋರ್ ಪುಡಿ ಹಾಕಿದೆ. ಅದನ್ನು ಖಾಲಿ ಮಾಡಿ ಮತ್ತೆ ತುಂಬಿಸಿದಾಗ ಬ್ರೋಮಿನ್‌ಗೆ ಬದಲಾಯಿಸಿದೆ. ನನ್ನ ಓಟು ಬ್ರೋಮಿನ್‌ಗೇ.

ಡೈಕ್ಲೋರ್ ತುಂಬಾ ಸಲೀಸು. ಟಬ್‌ನಿಂದ ಎದ್ದು ಬಂದ ಮೇಲೆ ಪುಡಿ ಉದುರಿಸಿ ಸ್ವಲ್ಪ ಹೊತ್ತು ಜೆಟ್ ಓಡಿಸಿದರೆ ಬೆಳಿಗ್ಗೆ ನೀರು ತಿಳಿಯಾಗಿರುತ್ತೆ. ಖರ್ಚೂ ಕಡಿಮೆ. ತೊಂದರೆ ನಿಧಾನಕ್ಕೆ ಶುರುವಾಗುತ್ತೆ. ಡೈಕ್ಲೋರ್‌ನಿಂದ 10 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 10 ಭಾಗ) ಕ್ಲೋರಿನ್ ಸೇರಿದಾಗಲೆಲ್ಲ ಸುಮಾರು 9 ಪಿಪಿಎಂ ಕ್ಲೋರಿನ್ನನ್ನು ಬಿಸಿಲಿನಿಂದ ಕಾಪಾಡುವ ಸಯನೂರಿಕ್ ಆಮ್ಲವೂ ಸೇರುತ್ತೆ. ಕ್ಲೋರಿನ್ ಖರ್ಚಾಗಿ ಹೋಗುತ್ತೆ, ಆಮ್ಲ ನೀರಲ್ಲೇ ಉಳಿದು ಕ್ಲೋರಿನ್ನಿನ ಕೈ ಕಟ್ಟಿಹಾಕುತ್ತೆ. ನೀರು ಪರೀಕ್ಷಿಸುವ ಸ್ಟ್ರಿಪ್‌ನಲ್ಲಿ ಬಣ್ಣ ಸರಿಯಾಗಿ ಕಂಡರೂ ಕ್ರಿಮಿ ಸಾಯುವುದು ತಡವಾಗುತ್ತೆ. ಇದಕ್ಕೆ ನೀರು ಬದಲಾಯಿಸುವುದು ಬಿಟ್ಟು ಬೇರೆ ಸುಲಭದ ದಾರಿಯಿಲ್ಲ.

ಪಿಎಚ್‌ನದು, ಅಂದರೆ ನೀರಿನ ಹುಳಿ-ಕ್ಷಾರದ ಅಳತೆಯದು, ಇನ್ನೊಂದು ಕಥೆ. ಜೆಟ್‌ಗಳು ಗಾಳಿ ಬೆರೆಸಿದಂತೆ ನೀರಿನ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತಲೇ ಇರುತ್ತೆ. 8 ಮುಟ್ಟಿದರೆ ಕ್ಲೋರಿನ್‌ನಲ್ಲಿ ಚುರುಕಾಗಿ ಕೆಲಸ ಮಾಡುವುದು ಕಾಲು ಭಾಗಕ್ಕಿಂತ ಕಡಿಮೆ. ಬ್ರೋಮಿನ್‌ನಲ್ಲಿ ಆಗಲೂ ಮುಕ್ಕಾಲು ಭಾಗ ಉಳಿದಿರುತ್ತೆ. ವಾರಾಂತ್ಯಕ್ಕೆ ನೆಂಟರು ಬಂದು ಎಲ್ಲರೂ ಇಳಿದಾಗಲಂತೂ ವ್ಯತ್ಯಾಸ ಎದ್ದು ಕಾಣುತ್ತೆ. ಬೆವರಿನ ಜೊತೆ ಸೇರಿದ ಕ್ಲೋರಿನ್ ದುರ್ಬಲವಾಗಿ, ಘಾಟು ಎದ್ದು ಕಣ್ಣುರಿ ತರುತ್ತೆ. ಬ್ರೋಮಿನ್ ಹಾಗೆ ಸೇರಿದ ಮೇಲೂ ಕ್ರಿಮಿಗಳನ್ನು ಕೊಲ್ಲುತ್ತೆ. ಆಮೇಲೆ ಕ್ಲೋರಿನ್ ಇಲ್ಲದ ಶಾಕ್ ಪುಡಿ (ನೀರಿನ ಕೊಳೆ ಸುಡುವ ಪುಡಿ) ಹಾಕಿದರೆ ಮತ್ತೆ ಚೇತರಿಸಿಕೊಳ್ಳುತ್ತೆ.

ಬ್ರೋಮಿನ್‌ಗೂ ಅದರದೇ ಕಿರಿಕಿರಿಗಳಿವೆ. ಮೊದಲು ಬ್ರೋಮಿನ್ ಹುಟ್ಟಿಸುವ ಉಪ್ಪಾದ ಸೋಡಿಯಂ ಬ್ರೋಮೈಡ್ ಹಾಕಬೇಕು, ತೇಲುವ ಡಬ್ಬಿಯ ಮಾತ್ರೆಗಳು ನಿಧಾನ, ಬೆಲೆ ಜಾಸ್ತಿ, ಈಜುಡುಗೆಗೆ ಅಂಟುವ ವಾಸನೆ ಬೇಗ ಬಿಡಲ್ಲ. ಬಿಸಿಲು ಬಿದ್ದರೆ ಬೇಗ ಆರಿಹೋಗುತ್ತೆ. ಮೋಡದ ಊರಲ್ಲಿ, ಸದಾ ಮುಚ್ಚಳ ಹಾಕಿಡುವ ನಮಗೆ ಅದು ಲೆಕ್ಕಕ್ಕಿಲ್ಲ. ತೆರೆದ ಬಿಸಿಲಲ್ಲಿ ಬಳಸುವವರಿಗೆ ಡೈಕ್ಲೋರೇ ಸರಿ.

ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯನ್ನು ಮಾತ್ರ ಎರಡೂ ಗೆಲ್ಲಲ್ಲ. ನೀರಿನಂಚಿಗೆ ಜಿಡ್ಡಿನ ಗೆರೆ ಕಟ್ಟುತ್ತೆ. ಫಿಲ್ಟರ್ ಮಡಿಕೆಗಳನ್ನು ಬೆರಳಿಂದ ಬಿಡಿಸಿದರೆ ಒಳಗೆ ಬೂದು ಬಣ್ಣದ ಪಸೆ. ಪೈಪಿನ ನೀರು ಎಷ್ಟು ಜೋರಾಗಿ ಬಿಟ್ಟರೂ ಜಾರಲ್ಲ, ಫಿಲ್ಟರ್ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸಬೇಕು. ಅದಕ್ಕೇ ಎರಡು ಫಿಲ್ಟರ್ ಇಟ್ಟುಕೊಂಡಿದ್ದೀನಿ. ದೀಪಾವಳಿಯ ಎಣ್ಣೆಸ್ನಾನದ ದಿನ ಸೀಗೆಕಾಯಿ ಹಾಕಿ ತಲೆ ಪೂರ್ತಿ ತೊಳೆಯದೆ ಯಾರಿಗೂ ಟಬ್ ಪ್ರವೇಶವಿಲ್ಲ.

ಯಾವುದನ್ನೇ ಆರಿಸಿ, ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುವಂತೆ ಕ್ಲೋರಿನ್ ಕನಿಷ್ಠ 3 ಪಿಪಿಎಂ, ಬ್ರೋಮಿನ್ ಆದರೆ ಕನಿಷ್ಠ 4 ಇರಲಿ. ಬಿಸಿನೀರಲ್ಲಿ ಶ್ವಾಸಕೋಶದ ಸೋಂಕು ತರುವ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಬ್ರೋಮಿನ್‌ನಿಂದ ಕ್ಲೋರಿನ್‌ಗೆ ವಾಪಸ್ ಹೋಗುವವರು ನೀರು ಪೂರ್ತಿ ಖಾಲಿ ಮಾಡಿ. ಉಳಿದ ಬ್ರೋಮೈಡ್ ಹೊಸ ಕ್ಲೋರಿನ್ನನ್ನೂ ಬ್ರೋಮಿನ್ ಕೆಲಸಕ್ಕೇ ಎಳೆದುಕೊಳ್ಳುತ್ತೆ. ಎರಡರ ಪುಡಿ, ಮಾತ್ರೆಗಳನ್ನು ಒಂದೇ ಡಬ್ಬಿಯಲ್ಲಿ ಬೆರೆಸಬೇಡಿ, ಒಂದೇ ಚಮಚವನ್ನೂ ಬಳಸಬೇಡಿ. ಬೆಂಕಿ ಹತ್ತಿಕೊಳ್ಳಬಹುದು.