ಡೆನಾನ್ ಎವಿಆರ್-ಎಕ್ಸ್1700ಎಚ್: ಬಾಡಿಗೆ ಮನೆಯ ಹಾಲ್‌ನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ನಾನು ಈ ಎವಿ ರಿಸೀವರ್ (ಟಿವಿ, ಸೆಟ್‌ಟಾಪ್ ಬಾಕ್ಸ್‌ನ ಸದ್ದನ್ನು ಹಲವು ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್) ಕೊಂಡಿದ್ದು ಜೋರು ಸದ್ದಿಗಲ್ಲ, ಮಾತು ಸ್ಪಷ್ಟವಾಗಿ ಕೇಳಲಿ ಅಂತ. ಟಿವಿಯ ಸ್ಪೀಕರ್‌ನಲ್ಲಿ ಸಿನಿಮಾ ಹಾಕಿದರೆ ಅಪ್ಪನಿಗೆ ಅರ್ಧ ಸಂಭಾಷಣೆ ಸಿಗುತ್ತಿರಲಿಲ್ಲ. "ಏನಂದ್ನೋ ಅವನು?" ಅಂತ ಮತ್ತೆ ಮತ್ತೆ ಕೇಳೋರು. ವಾಲ್ಯೂಮ್ ಏರಿಸಿದರೆ ಮುಂದಿನ ಫೈಟ್ ಸೀನ್ ಬಂದ ಕೂಡಲೇ ಅಮ್ಮ ಅಡುಗೆಮನೆಯಿಂದ "ಕಮ್ಮಿ ಮಾಡ್ರೋ" ಅಂತ ಕೂಗೋರು. ಸೌಂಡ್‌ಬಾರ್ ಸಾಕು ಅಂತ ಹೇಳಿದವರು ಬಹಳ ಜನ. ಆದರೆ ಮಾತು ಸ್ಪಷ್ಟವಾಗಿ ಕೇಳುವ ಈ ಒಂದು ವಿಷಯದಲ್ಲಿ ರಿಸೀವರ್ ಮತ್ತು ಬೇರೆಯದೇ ಆದ ಸೆಂಟರ್ ಸ್ಪೀಕರ್ ಏನು ಮಾಡುತ್ತವೆ ಅನ್ನೋದನ್ನು ಸ್ವಲ್ಪ ವಿವರವಾಗಿ ಬರೆಯಬೇಕು ಅನ್ನಿಸಿದೆ.

ನಮ್ಮದು ವಿಜಯನಗರದಲ್ಲಿ 30-40 ಸೈಟಿನ ಮನೆ, ನಾವು ಮೊದಲನೇ ಮಹಡಿ, ಕೆಳಗೆ ಓನರ್. ಹಾಲ್ 18 ಅಡಿ ಉದ್ದ, 11 ಅಡಿ ಅಗಲ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಮೇಲೆ ಕಾಂಕ್ರೀಟ್, ಒಂದು ಗೋಡೆ ಪೂರ್ತಿ ಖಾಲಿ. ಬೆಂಗಳೂರಿನ ಮುಕ್ಕಾಲು ಪಾಲು ಮನೆಗಳ ಹಾಲ್ ಹೀಗೇ ಇರುತ್ತೆ. ಅಂದರೆ ಚಪ್ಪಾಳೆ ತಟ್ಟಿದರೆ ಸದ್ದು ವಾಪಸ್ ಬರುವಂಥ ಜಾಗ. ಮುಂದೆ ಎರಡು ಬುಕ್‌ಶೆಲ್ಫ್ ಸ್ಪೀಕರ್, ಮಧ್ಯೆ ಸೆಂಟರ್, ಸೋಫಾದ ಅಕ್ಕಪಕ್ಕ ಎರಡು ಸರೌಂಡ್, ಒಂದು ಸಬ್‌ವೂಫರ್. ಒಟ್ಟು 5.1, ಅಂದರೆ ಐದು ಸ್ಪೀಕರ್ ಮತ್ತು ಬೇಸ್‌ಗೆಂದೇ ಇರುವ ಒಂದು ಸಬ್. ರಿಸೀವರ್‌ನಲ್ಲಿ ಏಳು ಚಾನೆಲ್ ಇವೆ, ಎರಡು ಖಾಲಿ ಬಿದ್ದಿವೆ.

ಬಾಕ್ಸ್ ಮೇಲಿನ ಅಂಕಿಗಳನ್ನು ಬೇಗ ಮುಗಿಸುತ್ತೇನೆ. ಆರು ಎಚ್‌ಡಿಎಂಐ ಇನ್‌ಪುಟ್, ಅದರಲ್ಲಿ ಮೂರು 8ಕೆ ತನಕ. ಟಿವಿಗೆ ಹೋಗುವ ಔಟ್‌ಪುಟ್ ಒಂದೇ, ಅದರಲ್ಲಿ ಇಎಆರ್‌ಸಿ (ಟಿವಿಯ ಸದ್ದನ್ನು ಅದೇ ತಂತಿಯಲ್ಲಿ ರಿಸೀವರ್‌ಗೆ ವಾಪಸ್ ತರುವ ವ್ಯವಸ್ಥೆ) ಇದೆ. ತಲೆಯ ಮೇಲಿಂದಲೂ ಸದ್ದು ಬರಿಸುವ ಡಾಲ್ಬಿ ಅಟ್ಮಾಸ್, ಡಿಟಿಎಸ್:ಎಕ್ಸ್ ಎರಡೂ ಇವೆ. ಚಾನೆಲ್‌ಗೆ 80 ವಾಟ್ ಅಂತ ಬರೆದಿರುತ್ತೆ. ಅದು 8 ಓಮ್ ಸ್ಪೀಕರ್‌ಗೆ, ಎರಡೇ ಚಾನೆಲ್ ಓಡುವಾಗಿನ ಲೆಕ್ಕ. ಏಳಕ್ಕೂ ಇರೋದು ಒಂದೇ ಪವರ್ ಸಪ್ಲೈ, ಆದ್ದರಿಂದ ಏಳೆಂಬತ್ಲ ಐನೂರ ಅರವತ್ತು ಅಂತ ಕೂಡಿಸಬೇಡಿ. ಈ ದರ್ಜೆಯ ಎಲ್ಲ ಕಂಪನಿಗಳ ರಿಸೀವರ್‌ಗೂ ಈ ಮಾತು ಸಲ್ಲುತ್ತದೆ. ಹಾಗಂತ ಗಾಬರಿಯಾಗಬೇಕಿಲ್ಲ. ವಾಟ್ ಎರಡು ಪಟ್ಟಾದರೆ ಸದ್ದು ಏರೋದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ನಮ್ಮಂಥ ಹಾಲ್‌ನಲ್ಲಿ ಹತ್ತಡಿ ದೂರ ಕೂತು ನೋಡುವಾಗ ಬಹುಪಾಲು ಹೊತ್ತು ಖರ್ಚಾಗೋದು ಒಂದೆರಡು ವಾಟ್. 80 ವಾಟ್‌ನದು ಬೇಡ, 95ರದೇ ತಗೊಳ್ಳಿ ಅಂತ ಅಂಗಡಿಯಲ್ಲಿ ಹೇಳಿದರೆ ಆ ದುಡ್ಡನ್ನು ಸೆಂಟರ್ ಸ್ಪೀಕರ್‌ಗೆ ಹಾಕಿ.

ಫಿಟ್ಟಿಂಗ್‌ಗೆ ಅಂಗಡಿಯಿಂದ ಬಂದ ಹುಡುಗ ವೈರ್ ಎಳೆದು, ಎಲ್ಲ ಸ್ಪೀಕರ್‌ಗೂ ಒಂದೇ ಹಾಡು ಬರುವ ಹಾಗೆ ಮಲ್ಟಿ ಚಾನೆಲ್ ಸ್ಟೀರಿಯೊ ಹಾಕಿ, ಬೇಸ್ ಏರಿಸಿ, "ಸೂಪರ್ ಇದೆ ಅಲ್ವಾ ಸಾರ್?" ಅಂತ ಕೇಳಿ ಹೊರಟ. ಬಾಕ್ಸ್‌ನಲ್ಲಿದ್ದ ಮೈಕ್ ತೆಗೆಯಲೇ ಇಲ್ಲ. ನಾನು ಆಮೇಲೆ ನೋಡಿದ ಎಷ್ಟೋ ಮನೆಗಳಲ್ಲೂ ಆ ಮೈಕ್ ಪ್ಲಾಸ್ಟಿಕ್ ಕವರ್‌ನಲ್ಲೇ ಇತ್ತು. ಇದು ನನಗೆ ನಿಜವಾಗಿಯೂ ಬೇಸರ ತರಿಸುವ ವಿಷಯ. ರಿಸೀವರ್‌ಗೆ ಕೊಟ್ಟ ಬೆಲೆಯ ಅರ್ಧ ಭಾಗ ಇರೋದು ಆ ಮೈಕ್‌ನಲ್ಲಿ.

ಇದರಲ್ಲಿರೋದು ಆಡಿಸ್ಸಿ ಮಲ್ಟ್‌ಇಕ್ಯೂ ಎಕ್ಸ್‌ಟಿ, ಅಂದರೆ ಕೋಣೆಯನ್ನು ಅಳೆದು ಅದಕ್ಕೆ ತಕ್ಕ ಹಾಗೆ ಸದ್ದನ್ನು ತಿದ್ದುವ ವ್ಯವಸ್ಥೆ. ನೀವು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಮೈಕ್ ಇಟ್ಟರೆ ಒಂದೊಂದು ಸ್ಪೀಕರ್‌ನಿಂದ ಸರ್ರನೆ ಏರುವ ಒಂದು ಸದ್ದು ಕಳಿಸಿ, ಅದು ಎಷ್ಟು ದೂರದಿಂದ ಬಂತು, ಎಷ್ಟು ಜೋರಿತ್ತು, ಗೋಡೆಗಳು ಅದನ್ನು ಹೇಗೆ ಕೆಡಿಸಿದವು ಅಂತ ಅಳೆಯುತ್ತೆ. ಎಂಟು ಜಾಗಗಳ ತನಕ ಅಳೆಯಬಹುದು. ಮೈಕ್ ನಿಲ್ಲಿಸಲು ರಟ್ಟಿನ ಸ್ಟ್ಯಾಂಡ್ ಜೊತೆಗೇ ಬರುತ್ತೆ, ಆದರೆ ಕ್ಯಾಮೆರಾ ಟ್ರೈಪಾಡ್ ಇದ್ದರೆ ಇನ್ನೂ ಒಳ್ಳೇದು. ಸೋಫಾದ ಬೆನ್ನಿಗೆ ತಾಗುವಂತೆ ಇಡಬೇಡಿ, ಕೈಯಲ್ಲಂತೂ ಹಿಡಿಯಲೇಬೇಡಿ. ನಮ್ಮೂರಿನಲ್ಲಿ ಕಷ್ಟ ಇರೋದು ನಿಶ್ಶಬ್ದದ್ದು. ಸಂಪ್ ಮೋಟಾರ್, ಕುಕ್ಕರ್ ಸೀಟಿ, ಗಲ್ಲಿಯಲ್ಲಿ ಆಟೊ. ನಾನು ಭಾನುವಾರ ಊಟ ಮುಗಿದು ಬೀದಿಯೆಲ್ಲ ಮಲಗಿದ ಹೊತ್ತು ಆರಿಸಿಕೊಂಡೆ. ಫ್ರಿಜ್ ಆಫ್, ಫ್ಯಾನ್ ಆಫ್. ಫ್ಯಾನ್ ಗಾಳಿ ಮೈಕ್‌ಗೆ ಬಡಿದರೆ ಕೆಳಗಿನ ಫ್ರೀಕ್ವೆನ್ಸಿಗಳ ಅಳತೆ ಹಾಳಾಗುತ್ತೆ. ಸೆಖೆಯಾದರೂ ಸಹಿಸಿಕೊಳ್ಳಿ.

ಅಳತೆ ಮುಗಿದ ಮೇಲೆ ಎರಡು ಸೆಟ್ಟಿಂಗ್ ಪರೀಕ್ಷಿಸಬೇಕು. ಮುಂದಿನ ಸ್ಪೀಕರ್‌ಗಳನ್ನು ಅದು 'ಲಾರ್ಜ್' ಅಂತ ಗುರುತಿಸಿದ್ದರೆ 'ಸ್ಮಾಲ್' ಮಾಡಿ, ಕ್ರಾಸ್ಓವರ್ (ಯಾವ ಫ್ರೀಕ್ವೆನ್ಸಿಯ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಸ್‌ಗೆ ಇಡಿ. ಬೇಸ್ ಸಬ್‌ವೂಫರ್‌ಗೆ ಹೋದಾಗ ಚಿಕ್ಕ ಸ್ಪೀಕರ್‌ಗಳು ಹಗುರಾಗಿ ಮಾತು ತಿಳಿಯಾಗುತ್ತೆ. ಇನ್ನೊಂದು, ಸಬ್‌ವೂಫರ್ ದೂರವನ್ನು ಟೇಪಿನ ಅಳತೆಗಿಂತ ಹೆಚ್ಚು ತೋರಿಸಿದರೆ ತಿದ್ದಬೇಡಿ. ಸಬ್‌ನ ಒಳಗಿನ ಸರ್ಕ್ಯೂಟ್‌ನಲ್ಲಿ ಆಗುವ ತಡವನ್ನೂ ಅದು ದೂರದ ಲೆಕ್ಕದಲ್ಲಿ ಸೇರಿಸಿರುತ್ತೆ.

ಈಗ ಮಾತಿನ ವಿಷಯ. 5.1 ಮಿಕ್ಸ್‌ನಲ್ಲಿ ಸಂಭಾಷಣೆಯ ಬಹುಪಾಲು ಸೆಂಟರ್ ಚಾನೆಲ್‌ನಲ್ಲಿರುತ್ತೆ. ಟಿವಿ ಆ ಆರು ದಾರಿಗಳನ್ನೂ ಎರಡಕ್ಕೆ ಇಳಿಸಿ ಕೆಳಮುಖದ ಪುಟ್ಟ ಸ್ಪೀಕರ್‌ಗಳಿಗೆ ಕೊಡುವುದರಿಂದಲೇ ಹಿನ್ನೆಲೆ ಸಂಗೀತ ಮಾತಿನ ಮೇಲೆ ಕೂರೋದು. ಇಲ್ಲಿ ಸೆಂಟರ್ ಒಂದನ್ನೇ 2-3 ಡೆಸಿಬೆಲ್ ಏರಿಸಬಹುದು. ಮಿಕ್ಕಿದ್ದು ಇದ್ದಲ್ಲೇ ಇರುತ್ತೆ. ಸೆಂಟರನ್ನು ಟಿವಿ ಸ್ಟ್ಯಾಂಡಿನ ಅಂಚಿಗೆ ಎಳೆದು, ಮುಖ ಸ್ವಲ್ಪ ಮೇಲಕ್ಕೆ ತಿರುಗಿಸಿ, ಮುಂದೆ ನೆಲಕ್ಕೆ ಊರಿಂದ ತಂದ ದಪ್ಪ ಜಮಖಾನ ಹಾಸಿದೆ. ಟೈಲ್ಸ್‌ಗೆ ಬಡಿದು ಬರುತ್ತಿದ್ದ ಸದ್ದು ತಗ್ಗಿ 'ಸ', 'ಶ' ಅಕ್ಷರಗಳ ಚುಚ್ಚು ಹೋಯಿತು. ಅಪ್ಪ ಈಗ ಸಬ್‌ಟೈಟಲ್ ಕೇಳೋದಿಲ್ಲ. ರಾಜ್‌ಕುಮಾರ್ ಅವರ ಕಪ್ಪು-ಬಿಳುಪು ಚಿತ್ರಗಳ ಸೌಂಡ್ ಮೊನೊ. ಅವನ್ನು ಡಾಲ್ಬಿ ಸರೌಂಡ್ ಮೋಡ್‌ನಲ್ಲಿ ಹಾಕಿದರೆ ಎಡಬಲ ಒಂದೇ ಇರುವ ಸದ್ದು ಪೂರ್ತಿ ಸೆಂಟರ್‌ಗೆ ಬರುತ್ತೆ. ಪರದೆಯ ನಡುವಿನಿಂದಲೇ ಆ ಕಂಠ ಬಂದಾಗ ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತರು. ಒಂದೊಂದು ಅಕ್ಷರದ ಉಚ್ಚಾರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಈ ಒಂದಕ್ಕೇ ನಾನು ಕೊಟ್ಟ ದುಡ್ಡು ಸಾರ್ಥಕ.

ರಾತ್ರಿಯದು ಬೇರೆ ಸಮಸ್ಯೆ. 40 ಹರ್ಟ್ಸ್ ಸದ್ದಿನ ಅಲೆ ಎಂಟೂವರೆ ಮೀಟರ್ ಉದ್ದ, ಅದಕ್ಕೆ ಗೋಡೆ ಲೆಕ್ಕಕ್ಕಿಲ್ಲ. ಮಾತು ನಮ್ಮ ಮನೆಯಲ್ಲೇ ಉಳಿದರೂ ಬೇಸ್ ಮಾತ್ರ ಓನರ್ ಆಂಟಿಯ ಮಲಗುವ ಕೋಣೆಗೆ ಇಳಿಯುತ್ತಿತ್ತು. ಜಗಳ ಆಡಲಿಲ್ಲ ಅವರು, ಮೆಟ್ಟಿಲ ಹತ್ತಿರ ಸಿಕ್ಕಾಗ "ಧಡ್ ಧಡ್ ಅನ್ನತ್ತಪ್ಪ, ಎದೆ ಹೊಡ್ಕೊಳ್ಳತ್ತೆ" ಅಂದರು. ಸಬ್‌ವೂಫರ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಮೂಲೆಯಿಂದ ಈಚೆಗೆ ತಂದೆ. ಒಂಬತ್ತೂವರೆಯ ಮೇಲೆ ಡೈನಾಮಿಕ್ ವಾಲ್ಯೂಮ್ 'ಮೀಡಿಯಂ' ಹಾಕುತ್ತೇನೆ. ಅದು ಪಿಸುಮಾತನ್ನು ಎತ್ತಿ, ಸ್ಫೋಟವನ್ನು ತಗ್ಗಿಸುತ್ತೆ. ಸಿನಿಮಾದ ಬಿರುಸು ಸ್ವಲ್ಪ ಹೋಗುತ್ತೆ, ಆದರೆ ಕೆಳಗಿನವರ ನಿದ್ದೆಯೂ ಮುಖ್ಯ. ಡೈನಾಮಿಕ್ ಇಕ್ಯೂ ಬೇರೆ, ಅದನ್ನೂ ಇದನ್ನೂ ಒಂದೇ ಅಂದುಕೊಳ್ಳುವವರಿದ್ದಾರೆ. ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿಗೆ ಬೇಸ್ ಬೇಗ ಮಾಯವಾಗುತ್ತೆ (ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು). ಡೈನಾಮಿಕ್ ಇಕ್ಯೂ ಆ ಕೊರತೆಯನ್ನು ತುಂಬುತ್ತೆ. ಅದರ ರೆಫರೆನ್ಸ್ ಆಫ್‌ಸೆಟ್ (ಹೀಗೆ ತುಂಬುವುದನ್ನು ಎಷ್ಟು ತಗ್ಗಿಸಬೇಕು ಅನ್ನುವ ಅಂಕಿ) ಸಿನಿಮಾಗೆ 0 ಇರಲಿ. ನ್ಯೂಸ್, ಧಾರಾವಾಹಿಗೆ 10 ಅಥವಾ 15 ಮಾಡದಿದ್ದರೆ ಸುದ್ದಿ ಓದುವವರ ದನಿ ಬಿಂದಿಗೆಯ ಒಳಗಿನಿಂದ ಬಂದ ಹಾಗಿರುತ್ತೆ.

ಸಂಗೀತಕ್ಕೆ ಇದು ಪರವಾಗಿಲ್ಲ, ಅಷ್ಟೇ. ಗಾಯನ ಕಛೇರಿಗಳನ್ನು ಡೈರೆಕ್ಟ್ ಮೋಡ್‌ನಲ್ಲಿ ಕೇಳುತ್ತೇನೆ, ತಂಬೂರಿಯ ನಾದ ಹಿತವಾಗಿದೆ. ಆದರೆ ಇದೇ ಬೆಲೆಗೆ ಸಿಗುವ ಬರೀ ಸ್ಟೀರಿಯೊ ಆಂಪ್ಲಿಫೈಯರ್ ಗೆಳೆಯನೊಬ್ಬನ ಮಲ್ಲೇಶ್ವರದ ಮನೆಯಲ್ಲಿದೆ. ಮೃದಂಗದ ಏಟು ಅದರಲ್ಲಿ ಹೆಚ್ಚು ಗಟ್ಟಿ. ನಿಮಗೆ ಸಂಗೀತವೇ ಮುಖ್ಯವಾಗಿದ್ದರೆ ಆ ದಾರಿ ಹಿಡಿಯಿರಿ.

ಬಿಸಿ. ಎಲ್ಲ ಎವಿ ರಿಸೀವರ್‌ಗಳೂ ಬಿಸಿಯಾಗುತ್ತವೆ, ಕ್ಲಾಸ್ ಎಬಿ ಆಂಪ್ಲಿಫೈಯರ್ ತೆಗೆದುಕೊಂಡ ಕರೆಂಟಿನಲ್ಲಿ ದೊಡ್ಡ ಪಾಲು ಶಾಖವಾಗಿಯೇ ಹೋಗುತ್ತೆ. ನಮ್ಮಲ್ಲಿ ಕಾರ್ಪೆಂಟರ್ ಮಾಡಿಕೊಡುವ ಟಿವಿ ಯೂನಿಟ್‌ಗಳಿಗೆ ಹಿಂದೆ ಪ್ಲೈವುಡ್ ಬಡಿದು ಮುಚ್ಚಿರುತ್ತಾರೆ. ಅದನ್ನು ಕೊಯ್ಯಿಸಿ, ಮೇಲೆ ಒಂದು ಗೇಣಾದರೂ ಜಾಗ ಬಿಡಿ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿದಾಗ ಮೇಲಿನ ಜಾಲರಿಯ ಮೇಲೆ ಅಂಗೈ ಇಡಲು ಆಗುತ್ತಿರಲಿಲ್ಲ. ಎಸ್.ಪಿ. ರೋಡಿನಲ್ಲಿ ಸಿಗುವ 120 ಮಿಲಿಮೀಟರಿನ ಕಂಪ್ಯೂಟರ್ ಫ್ಯಾನ್ ತಂದು, 12 ವೋಲ್ಟಿನ ಅದನ್ನು ಯುಎಸ್‌ಬಿಯ 5 ವೋಲ್ಟಿಗೆ ಸೇರಿಸಿ, ಜಾಲರಿಯ ಮೇಲೆ ಗಾಳಿ ಹೊರಗೆಳೆಯುವ ಹಾಗೆ ಕೂರಿಸಿದೆ. ನಿಧಾನ ತಿರುಗುತ್ತೆ, ಸದ್ದೇ ಇಲ್ಲ, ಜಾಲರಿ ಈಗ ಬರೀ ಬೆಚ್ಚಗಿರುತ್ತೆ. ಅಕ್ಕಪಕ್ಕ ಮನೆ ಕಟ್ಟುವ ಕೆಲಸ ನಿಲ್ಲದ ಊರು ನಮ್ಮದು, ಧೂಳನ್ನು ಪೇಂಟ್ ಬ್ರಷ್‌ನಲ್ಲಿ ಆಗಾಗ ಝಾಡಿಸಿ.

ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಲೈನಿಗೆ ಇದನ್ನು ಹಾಕಬೇಡಿ, ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತೆ. ಸೈನ್ ವೇವ್ ಆದರೆ ಸರಿ. ಇದಕ್ಕಿಂತ ದೊಡ್ಡ ಅಪಾಯ ಸಿಡಿಲು. ಮೇ ತಿಂಗಳ ಒಂದು ಸಂಜೆ ಮಳೆಯಲ್ಲಿ ಹತ್ತಿರದಲ್ಲೇ ಸಿಡಿಲು ಬಡಿಯಿತು. ಪ್ಲಗ್‌ಗಳೆಲ್ಲ ಕಿತ್ತಿದ್ದೆವು. ಆದರೂ ಟೆರೇಸಿನ ಡಿಶ್‌ನಿಂದ ಕೇಬಲ್ಲಿನಲ್ಲಿ ಇಳಿದ ಏಟಿಗೆ ಸೆಟ್‌ಟಾಪ್ ಬಾಕ್ಸ್ ಸತ್ತಿತು, ಅದರಿಂದ ಎಚ್‌ಡಿಎಂಐ ತಂತಿ ಹಿಡಿದು ಬಂದು ರಿಸೀವರ್‌ನ ಒಂದು ಇನ್‌ಪುಟ್ ಕೂಡ ಹೋಯಿತು. ಮಿಕ್ಕ ಐದು ಇನ್‌ಪುಟ್ ಇಂದಿಗೂ ಸರಿಯಾಗಿವೆ. ಸರ್ಜ್ ಪ್ರೊಟೆಕ್ಟರ್ ಕಾಯೋದು ಕರೆಂಟ್ ದಾರಿಯನ್ನು ಮಾತ್ರ. ಗುಡುಗು ಕೇಳಿಸಿದ ಕೂಡಲೇ ಡಿಶ್ ಕೇಬಲ್ಲನ್ನೂ ಬಿಚ್ಚಿ.

ಟಿವಿಯ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಆಡಿಯೊ ಔಟ್‌ಪುಟ್ 'ಪಿಸಿಎಂ' ಅಂತಿದ್ದರೆ ಒಟಿಟಿಯ 5.1 ನಿಮಗೆ ಸ್ಟೀರಿಯೊ ಆಗಿ ಬರಬಹುದು. 'ಪಾಸ್‌ಥ್ರೂ' ಅಥವಾ 'ಆಟೊ' ಮಾಡಿ, ರಿಸೀವರ್ ಮುಖದ ಮೇಲೆ ಡಾಲ್ಬಿ ಅಂತ ಬರುತ್ತಿದೆಯೇ ನೋಡಿ. ಒಟಿಟಿಯ ಅಟ್ಮಾಸ್ ಬರೋದು ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿ, ಅದಕ್ಕೆ ಹಳೆಯ ಎಆರ್‌ಸಿಯೂ ಸಾಲುತ್ತೆ. ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ (ಡಾಲ್ಬಿಯದೇ, ಗುಣಮಟ್ಟ ಕುಗ್ಗಿಸದ ರೂಪ) ಸದ್ದನ್ನು ಟಿವಿಯ ಮೂಲಕ ಕಳಿಸುವುದಾದರೆ ಮಾತ್ರ ಇಎಆರ್‌ಸಿ ಬೇಕು.

ಕೊರತೆಗಳೂ ಇವೆ. ಮುಂದಿನ ಸ್ಪೀಕರ್‌ಗಳಿಗೆ ಪ್ರೀ-ಔಟ್ (ಹೊರಗಿನ ಆಂಪ್‌ಗೆ ಸಿಗ್ನಲ್ ಕೊಡುವ ಕಿಂಡಿ) ಇಲ್ಲ, ಮುಂದೆ ದೊಡ್ಡ ಪವರ್ ಆಂಪ್ ಸೇರಿಸುವ ಆಸೆಯಿದ್ದರೆ ಇದು ಬೇಡ. ಸಬ್ ಔಟ್ ಎರಡಿದ್ದರೂ ಎರಡಕ್ಕೂ ಹೋಗೋದು ಒಂದೇ ಸಿಗ್ನಲ್. ಮಲ್ಟ್‌ಇಕ್ಯೂ ಎಕ್ಸ್‌ಟಿಗೆ ಬೇಸ್ ತಿದ್ದುವ ಸೂಕ್ಷ್ಮತೆ ಅದರ ಮೇಲಿನ ದರ್ಜೆಯ ಎಕ್ಸ್‌ಟಿ32ರಷ್ಟಿಲ್ಲ. 18 ಅಡಿಯ ನಮ್ಮ ಹಾಲ್‌ನಲ್ಲಿ 31 ಹರ್ಟ್ಸ್ ಆಸುಪಾಸಿನ ಗುಂಗು ಪೂರ್ತಿ ಹೋಗಿಲ್ಲ, ಸಬ್ ಜಾಗ ಬದಲಿಸಿದ್ದರಿಂದಲೇ ಹೆಚ್ಚು ಉಪಯೋಗವಾಯಿತು. ತಿದ್ದುಪಡಿಯನ್ನು ಬೇಸ್‌ಗಷ್ಟೇ ಸೀಮಿತಗೊಳಿಸಬೇಕಾದರೆ ಬೇರೆಯಾಗಿ ದುಡ್ಡು ಕೊಟ್ಟು ಆಡಿಸ್ಸಿಯ ಮೊಬೈಲ್ ಆಪ್ ಕೊಳ್ಳಬೇಕು. ನಾನು ಕೊಂಡೆ, ಗಾಯಕರ ದನಿ ಸಹಜವಾಯಿತು. ಆಫೀಸಿನ ಒಬ್ಬರ ಬಳಿ ಯಮಹಾ ಇದೆ, ಅದರಲ್ಲಿ ಆಡಿಸ್ಸಿಯಂತೆಯೇ ಕೋಣೆ ಅಳೆಯುವ ವೈಪಿಎಒ ಮಾಡಿದ ಕೆಲಸ ಅವರಿಗೆ ತುಂಬ ಹಿಡಿಸಿದೆ. ಒಂಕ್ಯೊ ಆರ್‌ಝಡ್50ರಲ್ಲಿ ಇದೇ ಕೆಲಸಕ್ಕೆ ಡಿರಾಕ್ ಲೈವ್ ಇದೆ, ಅದು ಇದಕ್ಕಿಂತ ಮೇಲಿನ ದರ್ಜೆಯ ಯಂತ್ರ.

ಖಾಲಿ ಇರುವ ಎರಡು ಚಾನೆಲ್‌ಗೆ ಸೀಲಿಂಗ್ ಸ್ಪೀಕರ್ ಹಾಕಿ ಅಟ್ಮಾಸ್ ಮಾಡಬಹುದಿತ್ತು. ಬಾಡಿಗೆ ಮನೆಯ ಸ್ಲ್ಯಾಬಿಗೆ ಡ್ರಿಲ್ ಹೊಡೆಯುವ ಹಾಗಿಲ್ಲ. ಸ್ವಂತ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗ್‌ಗೆ ಮುಂಚೆಯೇ ಪೈಪ್ ಬಿಡಿಸಿಕೊಳ್ಳಿ. ಗೋಡೆ ಮುಗಿದ ಮೇಲೆ ವೈರ್ ಎಳೆಯೋದು ಬಹಳ ಹಿಂಸೆ.

ಹೊಸದಕ್ಕೆ ಬಜೆಟ್ ಇಲ್ಲದವರು ಸೆಕೆಂಡ್ ಹ್ಯಾಂಡ್ ನೋಡಬಹುದು. ಊರು ಬಿಟ್ಟು ಹೋಗುವ ಐಟಿ ಮಂದಿ ಮಾರುತ್ತಲೇ ಇರುತ್ತಾರೆ. ಹೋದಾಗ ಪ್ರತಿ ಎಚ್‌ಡಿಎಂಐ ಇನ್‌ಪುಟ್‌ಗೂ ಒಂದು ಲ್ಯಾಪ್‌ಟಾಪ್ ಚುಚ್ಚಿ ಚಿತ್ರ ಬರುತ್ತದೆಯೇ ನೋಡಿ, ಅರ್ಧ ಗಂಟೆ ಓಡಿಸಿ ಮೇಲೆ ಕೈಯಿಟ್ಟು ನೋಡಿ, ಪ್ರತಿ ಚಾನೆಲ್‌ಗೂ ಟೆಸ್ಟ್ ಟೋನ್ ಹಾಕಿಸಿ. ಆಮೇಲೆ ಮೈಕ್ ಕೇಳಿ. ಆ ಯಂತ್ರಕ್ಕೆ ಹೊಂದುವ ಆಡಿಸ್ಸಿ ಮೈಕೇ ಬೇಕು, ಮೊಬೈಲಿನದೋ ಇನ್ಯಾವುದೋ ಮೈಕ್ ಹಾಕಿದರೆ ಅಳತೆ ತಪ್ಪುತ್ತೆ. ಮೈಕ್ ಕಳೆದುಹೋಗಿದೆ ಅಂದರೆ ಬೆಲೆಯಲ್ಲಿ ಅದನ್ನು ಹಿಡಿದುಕೊಳ್ಳಿ, ಇಲ್ಲವೇ ಬೇರೆ ಕಡೆ ನೋಡಿ.